ಅನಿಮೇಷನ್ ಜರ್ಕ್ ಹೊಡೆಯುತ್ತಿದೆಯೇ? ಫ್ರೇಮ್ ರೇಟ್ ಮುಟ್ಟುವ ಮೊದಲು ದೋಷ ಎಲ್ಲಿದೆ ನೋಡಿ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಕಡೆಯಿಂದ ಟ್ಯಾಬ್ಲೆಟ್‌ನಲ್ಲಿ ಅನಿಮೇಷನ್ ಬಿಡಿಸುವ ಹುಡುಗ ಹುಡುಗಿಯರು ನನಗೆ ಫೈಲ್ ತಂದು ತೋರಿಸುತ್ತಿರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ಚಿತ್ರ ಚೆನ್ನಾಗಿದೆ, ಓಡಿಸಿದರೆ ಜರ್ಕ್ ಹೊಡೆಯುತ್ತೆ. ಅದಕ್ಕೆ ಮಾಡಿರುವ ಮದ್ದೂ ಒಂದೇ. ಸೆಟ್ಟಿಂಗ್‌ಗೆ ಹೋಗಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಓಡುವ ಫ್ರೇಮ್‌ಗಳ ಸಂಖ್ಯೆ, 12 ಇದ್ದದ್ದನ್ನು 24 ಮಾಡಿರುತ್ತಾರೆ. ಆಗ ಎಲ್ಲವೂ ಎರಡು ಪಟ್ಟು ವೇಗವಾಗಿ ಓಡುತ್ತದೆ. ಮತ್ತೆ ಹಿಂದಕ್ಕೆ ತಂದು, 30 ನೋಡಿ, 60 ನೋಡಿ, ಕೊನೆಗೆ ಕೆಲಸವನ್ನೇ ಅರ್ಧಕ್ಕೆ ಬಿಟ್ಟಿರುತ್ತಾರೆ. ಒಳ್ಳೆಯ ಚಿತ್ರಗಳು ಹಾಗೆ ಮೂಲೆಗೆ ಬೀಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಾವು ಜರ್ಕ್ ಅಂತ ಒಂದೇ ಹೆಸರಿಟ್ಟು ಕರೆಯುವುದು ನಿಜಕ್ಕೂ ಹಲವು ಬೇರೆ ಬೇರೆ ದೋಷಗಳು. ಅವುಗಳಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಗುಣವಾಗುವಂಥವು ತೀರಾ ಕಡಿಮೆ. ಹಾಗಾಗಿ ಆ ಸಂಖ್ಯೆಯನ್ನು ಮುಟ್ಟುವುದು ಕೊನೆಯ ಕೆಲಸ ಆಗಬೇಕು, ಮೊದಲನೆಯದಲ್ಲ.

ಮೊದಲ ಪರೀಕ್ಷೆ: ಜರ್ಕ್ ಎಲ್ಲಿ ಬರುತ್ತದೆ?

ದೋಷ ಕಾಣುವ ಐದಾರು ಸೆಕೆಂಡನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಅದನ್ನು ಮೂರು ನಾಲ್ಕು ಸಲ ನೋಡಿ. ಚಿತ್ರ ಚೆನ್ನಾಗಿದೆಯೇ ಅಂತ ನೋಡಬೇಡಿ. ಜರ್ಕ್ ಯಾವಾಗ ಬರುತ್ತದೆ ಅನ್ನುವುದೊಂದನ್ನೇ ನೋಡಿ.

ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಕೈ ಎತ್ತುವಾಗ ಬಂದರೆ ದೋಷ ಚಿತ್ರದಲ್ಲಿದೆ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ ಬಂದರೆ ದೋಷ ಯಂತ್ರದಲ್ಲಿದೆ. ಉದ್ದಕ್ಕೂ ಒಂದು ಲಯದಲ್ಲಿ ತಟ್ಟಿದ ಹಾಗೆ ಬರುತ್ತಿದ್ದರೆ ಎಲ್ಲೋ ಒಂದು ಫ್ರೇಮ್ ರೇಟ್ ಇನ್ನೊಂದಕ್ಕೆ ಬದಲಾಗುತ್ತಿದೆ. ಅದು ಎಕ್ಸ್‌ಪೋರ್ಟ್‌ನಲ್ಲಿ ಆಗಿರಬಹುದು, ಪರದೆಯಲ್ಲೂ ಆಗಿರಬಹುದು. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇದರ ಜೊತೆಗೆ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದು, ಪ್ರಾಜೆಕ್ಟ್‌ನ ಫ್ರೇಮ್ ರೇಟ್. ಎರಡು, ಸೆಕೆಂಡಿಗೆ ನೀವು ನಿಜವಾಗಿ ಬಿಡಿಸಿರುವ ಹೊಸ ಚಿತ್ರಗಳು. ಮೂರು, ನೋಡುತ್ತಿರುವ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ, ಅಂದರೆ ಎಷ್ಟು ಹರ್ಟ್ಸ್. ಮೊದಲ ಎರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ. 24ರ ಪ್ರಾಜೆಕ್ಟ್‌ನಲ್ಲಿ ಪ್ರತಿ ಫ್ರೇಮ್‌ಗೂ ಹೊಸ ಚಿತ್ರ ಬಿಡಿಸಿದರೆ ಅದು ಒನ್ಸ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಟೂಸ್, ಆಗ ಸೆಕೆಂಡಿಗೆ 12 ಚಿತ್ರ. ಮೂರು ಫ್ರೇಮ್ ಹಿಡಿದರೆ ಥ್ರೀಸ್, ಸೆಕೆಂಡಿಗೆ 8. ಪ್ರಾಜೆಕ್ಟ್ ಮಾತ್ರ 24ರಲ್ಲೇ ಇರುತ್ತದೆ. ಕೈಯಲ್ಲಿ ಬಿಡಿಸಿದ ಅನಿಮೇಷನ್ ಪರಂಪರೆ ಬಹುಪಾಲು ಟೂಸ್ ಮೇಲೇ ನಿಂತಿದೆ. ಒಂದು ನಿಮಿಷಕ್ಕೆ ಒನ್ಸ್ ಆದರೆ 1440 ಚಿತ್ರ, ಟೂಸ್ ಆದರೆ 720. ಒಬ್ಬರೇ ಕೂತು ಬಿಡಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಸಾಫ್ಟ್‌ವೇರ್ ತೆರೆದಾಗ ತಾನಾಗಿ ಬರುವ ಸಂಖ್ಯೆಯೂ ಒಂದೊಂದರಲ್ಲಿ ಒಂದೊಂದು. ಪೆನ್ಸಿಲ್2ಡಿ 12ರಲ್ಲಿ ತೆರೆಯುತ್ತದೆ. ಕ್ರಿಟಾ ಮತ್ತು ಬ್ಲೆಂಡರ್ 24ರಲ್ಲಿ. ಒಂದರಲ್ಲಿ ಬಿಡಿಸಿ ಇನ್ನೊಂದರಲ್ಲಿ ಸೇರಿಸುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಜರ್ಕ್ ಜಾಗ ಬದಲಿಸುತ್ತಿದ್ದರೆ

ಇದು ಸುಲಭದ್ದು. ಟೈಮ್‌ಲೈನ್‌ನಲ್ಲಿ ಓಡಿಸಿದಾಗ ಮಾತ್ರ ತಡವರಿಸಿ, ಎಕ್ಸ್‌ಪೋರ್ಟ್ ಮಾಡಿದ ವಿಡಿಯೋ ಸರಿಯಾಗಿದ್ದರೆ ಯಂತ್ರಕ್ಕೆ ಮೆಮೊರಿ ಸಾಲುತ್ತಿಲ್ಲ, ಅಷ್ಟೆ. 1920 ಗುಣಿಸು 1080 ಅಳತೆಯ ಒಂದು ಚಿತ್ರ ಒಂದು ಪದರದಲ್ಲಿ (ಲೇಯರ್) ಸುಮಾರು 8 ಎಂಬಿ ಹಿಡಿಯುತ್ತದೆ. 4ಕೆ ಅಳತೆ ಆದರೆ ಸುಮಾರು 33 ಎಂಬಿ. ಅದನ್ನು ಪದರಗಳಿಂದ, ಆಮೇಲೆ ಫ್ರೇಮ್‌ಗಳಿಂದ ಗುಣಿಸಿ ನೋಡಿ. ಫೋನ್ ಯಾಕೆ ಏದುಸಿರು ಬಿಡುತ್ತದೆ ಅಂತ ಗೊತ್ತಾಗುತ್ತದೆ. ಪ್ರಿವ್ಯೂವನ್ನು ಅರ್ಧ ಅಳತೆಗೆ ಇಳಿಸಿ. ಮುಗಿದ ಪದರಗಳನ್ನು ಒಂದಾಗಿಸಿ. ಕ್ರಿಟಾದಲ್ಲಿ ಫ್ರೇಮ್ ಬಿಡುವ ಆಯ್ಕೆಯೊಂದಿದೆ. ಅದು ಆನ್ ಇದ್ದರೆ ಸಮಯ ಉಳಿಸಿಕೊಳ್ಳಲು ಸಾಫ್ಟ್‌ವೇರ್ ಕೆಲವು ಫ್ರೇಮ್ ಹಾರಿಸುತ್ತದೆ. ಆಫ್ ಇದ್ದರೆ ಎಲ್ಲವನ್ನೂ ತೋರಿಸುತ್ತದೆ, ಆದರೆ ನಿಧಾನವಾಗಬಹುದು. ಎರಡೂ ಚಿತ್ರದ ದೋಷವಲ್ಲ.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ಜೂನ್ ಬಂತೆಂದರೆ ಕರೆಂಟ್ ಹೋಗುವುದು ದಿನದ ಮಾತು. ಫೋನ್, ಟ್ಯಾಬ್ಲೆಟ್ ಎಲ್ಲ ಬ್ಯಾಟರಿ ಸೇವರ್‌ನಲ್ಲೇ ಓಡುತ್ತಿರುತ್ತವೆ. ಆ ಮೋಡ್‌ನಲ್ಲಿ ಪ್ರೊಸೆಸರ್ ವೇಗ ಇಳಿಯುತ್ತದೆ. ಹಲವು ಫೋನ್‌ಗಳಲ್ಲಿ 120 ಹರ್ಟ್ಸ್ ಪರದೆ 60ಕ್ಕೆ ಇಳಿಯುತ್ತದೆ. ನಿನ್ನೆ ಸರಿ ಇದ್ದದ್ದು ಇವತ್ತು ತಡವರಿಸಿದರೆ ಮೊದಲು ಬ್ಯಾಟರಿ ಸೇವರ್ ತೆಗೆದು ನೋಡಿ.

ಒಂದೇ ಜಾಗದಲ್ಲಿ ಜರ್ಕ್: ನಿಧಾನದ ಚಲನೆ

ಇಲ್ಲಿಂದ ಮುಂದೆ ಚಿತ್ರದ ದೋಷಗಳು. ಮೊದಲಿಗೆ ಅತಿ ಸಾಮಾನ್ಯವಾದದ್ದು: ಒಂದು ಇನ್‌ಬಿಟ್ವೀನ್, ಅಂದರೆ ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರ, ದಾರಿ ತಪ್ಪಿರುವುದು. ಹಿಂದಿನ ಮುಂದಿನ ಚಿತ್ರಗಳನ್ನು ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್ ಆನ್ ಮಾಡಿ. ಮಣಿಕಟ್ಟು ಅಥವಾ ಮೂಗಿನ ತುದಿ, ಯಾವುದಾದರೂ ಒಂದು ಜಾಗ ಹಿಡಿದು ಪ್ರತಿ ಫ್ರೇಮ್‌ನಲ್ಲೂ ಮೇಲಿನ ಪದರದಲ್ಲಿ ಒಂದೊಂದು ಚುಕ್ಕಿ ಇಡಿ. ಚುಕ್ಕಿಗಳು ಒಂದು ಕಮಾನಿನ ಮೇಲೆ ಕೂತಿರಬೇಕು. ಒಂದು ಚುಕ್ಕಿ ಹೊರಗೆ ಬಿದ್ದಿದ್ದರೆ, ಅಥವಾ ಅಂತರ ಹೆಚ್ಚುತ್ತಾ ಬಂದು ಇದ್ದಕ್ಕಿದ್ದಂತೆ ಕುಗ್ಗಿ ಮತ್ತೆ ಹಿಗ್ಗಿದರೆ, ದೋಷ ಅಲ್ಲೇ ಇದೆ. ಆ ಒಂದು ಚಿತ್ರ ತಿದ್ದಿದರೆ ಸಾಕು. ಫ್ರೇಮ್ ರೇಟ್ ಹೆಚ್ಚಿಸಿದರೆ ತಪ್ಪು ಚಿತ್ರ ತಪ್ಪಾಗಿಯೇ ಉಳಿಯುತ್ತದೆ, ಬೇಗ ದಾಟಿಹೋಗುತ್ತದೆ ಅಷ್ಟೆ.

ಲೂಪ್ ಆಗಿದ್ದರೆ ಸೇರುವ ಜಾಗ ನೋಡಿ. ಕೊನೆಯ ಚಿತ್ರವೂ ಮೊದಲ ಚಿತ್ರವೂ ಒಂದೇ ಆಗಿದ್ದರೆ ಪ್ರತಿ ಸುತ್ತಿನಲ್ಲೂ ಒಂದು ಕ್ಷಣ ನಿಂತ ಹಾಗಾಗುತ್ತದೆ. ಕೊನೆಯದನ್ನು ಅಳಿಸಿ.

ಇನ್ನೊಂದು ದೋಷ ಹೊಸಬರನ್ನು ತುಂಬಾ ಕಾಡುತ್ತದೆ. ಅಜ್ಜಿಯೊಬ್ಬರು ಐನ್‌ಮನೆಯ (ಕುಟುಂಬದ ಹಿರಿಮನೆ) ಜಗಲಿಯಲ್ಲಿ ಕೂತು ನಿಧಾನವಾಗಿ ತಲೆ ತಿರುಗಿಸುತ್ತಾರೆ ಅಂದುಕೊಳ್ಳಿ. ಒಂದು ಸೆಕೆಂಡಿನಲ್ಲಿ ಮೂಗು 20 ಪಿಕ್ಸೆಲ್ ಸರಿಯಬೇಕು. ನಯವಾಗಲಿ ಅಂತ ನೀವು 24 ಚಿತ್ರ ಬಿಡಿಸುತ್ತೀರಿ. ಆಗ ಒಂದೊಂದು ಚಿತ್ರಕ್ಕೂ ಸರಿಯಬೇಕಾದದ್ದು ಒಂದು ಪಿಕ್ಸೆಲ್‌ಗಿಂತ ಕಡಿಮೆ. ಎಂಥ ಪಳಗಿದ ಕೈಯಾದರೂ ಗೆರೆ ಒಂದೆರಡು ಪಿಕ್ಸೆಲ್ ಆಚೀಚೆ ಬೀಳುತ್ತದೆ. ಅಂದರೆ ಕೈಯ ತಪ್ಪು ಚಲನೆಗಿಂತ ದೊಡ್ಡದಾಯಿತು. ಅಜ್ಜಿ ತಿರುಗುವುದು ಕಾಣುವುದಿಲ್ಲ, ನಡುಗುವುದು ಕಾಣುತ್ತದೆ. ಇಲ್ಲಿ ಚಿತ್ರ ಹೆಚ್ಚಿಸಿದಷ್ಟೂ ಕಷ್ಟ ಹೆಚ್ಚು. 6 ಅಥವಾ 8 ಚಿತ್ರಕ್ಕೆ ಇಳಿಸಿ. ಶುರು ಮತ್ತು ಕೊನೆಯಲ್ಲಿ ಅಂತರ ಕಿರಿದಾಗಲಿ, ನಡುವೆ ಅಗಲವಾಗಲಿ. ಅಲುಗದ ಭಾಗಗಳನ್ನು ಮತ್ತೆ ಬಿಡಿಸದೆ ನಕಲು ಮಾಡಿ, ಅಲುಗುವುದನ್ನು ಮಾತ್ರ ಬಿಡಿಸಿ. ನನ್ನ ಅಭಿಪ್ರಾಯದಲ್ಲಿ ಕೈಚಿತ್ರದ ಅನಿಮೇಷನ್‌ನಲ್ಲಿ ಕಲಿಯಬೇಕಾದ ದೊಡ್ಡ ಪಾಠ ಇದೇ: ನಿಧಾನಕ್ಕೆ ಕಡಿಮೆ ಚಿತ್ರ, ವೇಗಕ್ಕೆ ಜಾಸ್ತಿ ಚಿತ್ರ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮಂಜಿನದ್ದು ಬೇರೆ ಕಥೆ. ಮಾಂದಲಪಟ್ಟಿಯ ಮಂಜು ಸರಿಯುವುದನ್ನು ಕೈಯಲ್ಲಿ ಫ್ರೇಮ್ ಫ್ರೇಮ್ ಬಿಡಿಸಬೇಡಿ. ಮೆತ್ತಗಿನ ಅಂಚಿರುವ ಎರಡು ಮೂರು ಪದರ ಮಾಡಿ, ಒಂದೊಂದನ್ನೂ ಬೇರೆ ವೇಗದಲ್ಲಿ ಒನ್ಸ್ ಮೇಲೆ ಜಾರಿಸಿ. ಅಂಚು ಚೂಪಾಗಿದ್ದರೆ ತೊಂದರೆ ಶುರು. ಫ್ರೇಮ್‌ಗೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಸರಿಯುವ ಪದರವನ್ನು ಕೆಲವು ಸಾಫ್ಟ್‌ವೇರ್‌ಗಳು ಪೂರ್ಣ ಪಿಕ್ಸೆಲ್‌ಗೆ ಕೂಡಿಸುತ್ತವೆ. ಆಗ ಮೂರು ಫ್ರೇಮ್ ಸುಮ್ನೆ ನಿಂತು ನಾಲ್ಕನೆಯದಕ್ಕೆ ಒಮ್ಮೆ ಹಾರುತ್ತದೆ.

ವೇಗದ ಚಲನೆ: ಕೋಲು, ಮಳೆ

ಪುತ್ತರಿ ಕೋಲಾಟದ ದೃಶ್ಯ ತುಂಬಾ ಜನ ಬಿಡಿಸುತ್ತಾರೆ. ಊರ ಬಯಲಾದ ಮಂದ್‌ನಲ್ಲಿ ಸುತ್ತು ಕಟ್ಟಿದ ಗಂಡಸರು, ಕುಪ್ಯದ (ಮೇಲಂಗಿ) ಕಪ್ಪು, ಚೇಲೆಯ (ಸೊಂಟಪಟ್ಟಿ) ಕೆಂಪು. ಬಣ್ಣ ಚೆನ್ನಾಗಿ ಬರುತ್ತದೆ. ಕೋಲು ಬೀಸುವಾಗ ಮಾತ್ರ ಒಂದು ಕೋಲಿನ ಬದಲು ಮೂರು ನಾಲ್ಕು ಕೋಲು ಬೇರೆ ಬೇರೆ ಜಾಗದಲ್ಲಿ ಮಿನುಗಿದ ಹಾಗೆ ಕಾಣುತ್ತದೆ. ಕಾರಣ ಸರಳ. ಒಂದು ಚಿತ್ರದಿಂದ ಮುಂದಿನದಕ್ಕೆ ವಸ್ತು ತನ್ನ ಅಗಲಕ್ಕಿಂತ ತುಂಬಾ ದೂರ ಹಾರಿದರೆ ಕಣ್ಣು ಅದನ್ನು ಜೋಡಿಸಿಕೊಳ್ಳುವುದಿಲ್ಲ. ಕೋಲು ತೆಳ್ಳಗಿನ ವಸ್ತು, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ.

ಇಡೀ ದೃಶ್ಯವನ್ನು ಒನ್ಸ್‌ಗೆ ತರಬೇಡಿ. ಬೀಸುವ ಮೂರು ನಾಲ್ಕು ಫ್ರೇಮ್ ಮಾತ್ರ ಒನ್ಸ್ ಮಾಡಿ, ಉಳಿದದ್ದು ಟೂಸ್‌ನಲ್ಲೇ ಇರಲಿ. ಅದರಲ್ಲೂ ಒಂದು ಫ್ರೇಮ್‌ನಲ್ಲಿ ಕೋಲನ್ನು ಕೋಲಾಗಿ ಬಿಡಿಸದೆ, ಹೋದ ದಾರಿಯುದ್ದಕ್ಕೂ ಎಳೆದ ಬಣ್ಣದ ಪಟ್ಟೆಯಾಗಿ ಬಿಡಿಸಿ. ಇದನ್ನೇ ಸ್ಮಿಯರ್ ಅನ್ನುತ್ತಾರೆ. ಪಟ್ಟೆಯ ಉದ್ದ ಆ ಫ್ರೇಮ್‌ನಲ್ಲಿ ಕೋಲು ಸಾಗಿದ ದೂರದ ಅರ್ಧದಷ್ಟಿದ್ದರೆ ಸಿನಿಮಾ ಕ್ಯಾಮೆರಾದ ಮಸುಕಿನ ಹಾಗೆಯೇ ಕಾಣುತ್ತದೆ. ಆ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಫ್ರೇಮ್‌ನ ಅರ್ಧ ಸಮಯ ಮಾತ್ರ ತೆರೆದಿರುತ್ತದೆ. ಕೋಲಿಗೆ ಕೋಲು ತಾಗಿದ ಚಿತ್ರವನ್ನು ಮಾತ್ರ ಎರಡು ಮೂರು ಫ್ರೇಮ್ ಗಟ್ಟಿಯಾಗಿ ಹಿಡಿಯಿರಿ. ಪೆಟ್ಟು ಕಣ್ಣಿಗೆ ನಾಟುವುದು ಅಲ್ಲಿ.

ಮಳೆಗೆ ಬೇರೆಯೇ ಲೆಕ್ಕ. ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. 24ರಲ್ಲಿ ಒಂದು ಫ್ರೇಮ್‌ಗೆ ಸುಮಾರು 37 ಸೆಂಟಿಮೀಟರ್. ಟೂಸ್ ಆದರೆ 75. ಅಷ್ಟು ದೂರ ಹಾರುವ ಹನಿಯನ್ನು ಕಣ್ಣು ಹಿಂಬಾಲಿಸಲು ಆಗುವುದೇ ಇಲ್ಲ. ಹಾಗಾಗಿ ಒಂದು ಹನಿ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಹೋಯಿತು ಅಂತ ಲೆಕ್ಕ ಹಾಕುವುದು ವ್ಯರ್ಥ. ಒಂದಕ್ಕೊಂದು ಸಂಬಂಧವಿಲ್ಲದ ಐದು ಅಥವಾ ಏಳು ಮಳೆಯ ಚಿತ್ರ ಬಿಡಿಸಿ, ಕ್ರಮ ಕಲೆಸಿ ಓಡಿಸಿ. ಎರಡು ಮೂರೇ ಇದ್ದರೆ ಮಾದರಿ ಗೊತ್ತಾಗಿಬಿಡುತ್ತದೆ, ಪರದೆ ಮಿಣಮಿಣ ಅನ್ನುತ್ತದೆ. ಎಲೆಯ ತುದಿಯಿಂದ ತೊಟ್ಟಿಕ್ಕುವ ಹನಿಯನ್ನು ಮಾತ್ರ ಸರಿಯಾಗಿ ಟೈಮ್ ಮಾಡಿ. ಅದನ್ನು ನೋಡುಗರು ನಿಜವಾಗಿ ಗಮನಿಸುತ್ತಾರೆ. ಆಟಿ ತಿಂಗಳ ಜಡಿಮಳೆಯನ್ನು ನೋಡುತ್ತಾ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾನ್: ಸಿಲ್ವರ್ ಓಕ್ ತೋಟದ ಸಮಸ್ಯೆ

ನನ್ನ ಹತ್ತಿರ ಬರುವ ಫೈಲ್‌ಗಳಲ್ಲಿ ಅತಿ ಹೆಚ್ಚು ತಲೆ ತಿನ್ನುವ ದೋಷ ಇದು. ಪ್ಯಾನ್ ಅಂದರೆ ಇಡೀ ಹಿನ್ನೆಲೆ ಅಡ್ಡಕ್ಕೆ ಸರಿಯುವುದು. ಜೀಪಿನ ಕಿಟಕಿಯಿಂದ ಕಾಫಿ ತೋಟ ಹಿಂದೆ ಸರಿಯುವ ದೃಶ್ಯ. ನೆರಳಿಗೆ ನೆಟ್ಟ ಸಿಲ್ವರ್ ಓಕ್ ಸಾಲು, ಕಾಂಡಕ್ಕೆ ಹಬ್ಬಿದ ಕರಿಮೆಣಸು. ಬಿಡಿಸಲು ಚೆಂದ. ಓಡಿಸಿದರೆ ಕಣ್ಣು ನೋಯುತ್ತದೆ.

ನೆಟ್ಟಗಿನ ಗೆರೆಗಳು ಅಡ್ಡಕ್ಕೆ ಸರಿಯುವುದು ಯಾವ ಫ್ರೇಮ್ ರೇಟ್‌ಗೂ ಕಷ್ಟದ ಪರೀಕ್ಷೆ. ಅದರಲ್ಲೂ ಬೆಳ್ಳನೆಯ ಕಾಂಡ, ಹಿಂದೆ ಕಪ್ಪು ಹಸಿರು, ಸಮ ಅಂತರ. ಪರದೆಯಲ್ಲಿ ಕಾಂಡದಿಂದ ಕಾಂಡಕ್ಕೆ 120 ಪಿಕ್ಸೆಲ್ ಇದೆ ಅಂದುಕೊಳ್ಳಿ. ಹಿನ್ನೆಲೆಯನ್ನು ಫ್ರೇಮ್‌ಗೆ 60 ಪಿಕ್ಸೆಲ್ ಸರಿಸುತ್ತಿದ್ದೀರಿ, ಆದರೆ ಟೂಸ್ ಮೇಲೆ. ಅಂದರೆ ಒಂದು ಹಾರಿಕೆಗೆ 120. ಪ್ರತಿ ಕಾಂಡವೂ ಪಕ್ಕದ ಕಾಂಡ ಇದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ತೋಟ ಅಲುಗುವುದೇ ಇಲ್ಲ! ಮೆಣಸಿನ ಎಲೆಗಳು ಮಾತ್ರ ಹುಚ್ಚು ಹಿಡಿದಂತೆ ಮಿನುಗುತ್ತವೆ. ಅದನ್ನೇ ಒನ್ಸ್ ಮಾಡಿದರೆ ಹಾರಿಕೆ 60, ಸರಿಯಾಗಿ ಅರ್ಧ ಅಂತರ. ಈಗ ಮರಗಳು ಎಡಕ್ಕೆ ಹೋಗುತ್ತಿವೆಯೋ ಬಲಕ್ಕೋ ಕಣ್ಣಿಗೆ ತಿಳಿಯುವುದಿಲ್ಲ. ಹಾರಿಕೆ 100 ಆದರೆ ತೋಟ ಹಿಂದು ಮುಂದಾಗಿ, 20 ಪಿಕ್ಸೆಲ್ ಉಲ್ಟಾ ಓಡಿದ ಹಾಗೆ ಕಾಣುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ.

ಪರೀಕ್ಷೆ ಹೀಗೆ ಮಾಡಿ. ಒಂದು ಕಾಂಡಕ್ಕೆ ಮಾತ್ರ ಕೆಂಪು ಬಣ್ಣ ಹಚ್ಚಿ ಓಡಿಸಿ. ಕೆಂಪು ಕಾಂಡ ಸರಿಯಾಗಿ ಸಾಗುತ್ತಾ, ಉಳಿದವು ನಿಂತಂತೆ ಅಥವಾ ಉಲ್ಟಾ ಹೋದಂತೆ ಕಂಡರೆ ದೋಷ ಅಂತರದ್ದು. ಕೆಂಪು ಕಾಂಡವೂ ಕುಂಟಿದರೆ ದೋಷ ವೇಗದ್ದು.

ಅಂತರದ ದೋಷಕ್ಕೆ ಮದ್ದು ತೋಟದಲ್ಲೇ ಇದೆ. ನಿಜವಾದ ತೋಟದಲ್ಲಿ ಮರಗಳು ಅಳತೆಪಟ್ಟಿ ಇಟ್ಟ ಹಾಗೆ ಇರುವುದಿಲ್ಲ. ನಡುವೆ ಒಂದು ಹಲಸು ಬರಲಿ, ಒಂದು ಕಾಂಡ ದಪ್ಪ ಇರಲಿ, ಒಂದು ಕಡೆ ಖಾಲಿ ಜಾಗ ಬಿಡಿ. ಒಂದೇ ಮರ ಬಿಡಿಸಿ ಹತ್ತು ಸಲ ಕಾಪಿ ಪೇಸ್ಟ್ ಮಾಡುವುದನ್ನು ಬಿಡಿ. ವೇಗದ ದೋಷಕ್ಕೆ ಮೂರು ದಾರಿ. ಹಿನ್ನೆಲೆಯನ್ನು ಯಾವತ್ತೂ ಒನ್ಸ್ ಮೇಲೆ ಸರಿಸಿ. ಅದಕ್ಕೆ ಹೊಸ ಚಿತ್ರ ಬೇಡ, ಪದರ ಜಾರಿಸಿದರೆ ಸಾಕು, ಹಾಗಾಗಿ ಖರ್ಚಿಲ್ಲ. ಕಾಂಡದ ಬಿಳುಪನ್ನು ತಗ್ಗಿಸಿ, ಹಿನ್ನೆಲೆಗೆ ಹತ್ತಿರ ತನ್ನಿ. ವೇಗ ಜಾಸ್ತಿ ಇದ್ದರೆ ಅಡ್ಡಕ್ಕೆ ಮಸುಕು ಕೊಡಿ. ಛಾಯಾಗ್ರಾಹಕರಲ್ಲಿ ಒಂದು ಹಳೆಯ ಲೆಕ್ಕವಿದೆ: 24ರಲ್ಲಿ ಒಂದು ವಸ್ತು ಪರದೆ ದಾಟಲು ಸುಮಾರು 7 ಸೆಕೆಂಡು ಬೇಕು, ಅದಕ್ಕಿಂತ ಬೇಗ ಹೋದರೆ ಕುಂಟುತ್ತದೆ. 1920 ಅಗಲದ ಪರದೆಗೆ ಅದು ಫ್ರೇಮ್‌ಗೆ ಸುಮಾರು 11 ಪಿಕ್ಸೆಲ್. ಜೀಪಿನ ದೃಶ್ಯ ಅದನ್ನು ಮೀರಲೇಬೇಕು, ಅದಕ್ಕೇ ಅಲ್ಲಿ ಮಸುಕು ಬೇಕು. ಅಬ್ಬಿ ಜಲಪಾತದ ಮೇಲೆ ನಿಧಾನವಾಗಿ ಕ್ಯಾಮೆರಾ ಸರಿಯುವ ದೃಶ್ಯ ಮೀರಬೇಕಾಗಿಲ್ಲ.

ಪಾತ್ರ ನಡೆಯುತ್ತಾ ಇದ್ದು ಹಿನ್ನೆಲೆ ಹಿಂದೆ ಸರಿಯುವ ದೃಶ್ಯದಲ್ಲಿ ಇನ್ನೊಂದು ದೋಷ ಸೇರುತ್ತದೆ. ನೆಲ ಒನ್ಸ್ ಮೇಲೆ ಸರಿಯುತ್ತಿದೆ, ಪಾತ್ರ ಟೂಸ್ ಮೇಲಿದೆ. ಊರಿದ ಪಾದ ಒಂದು ಫ್ರೇಮ್ ನಿಂತಲ್ಲೇ ನಿಂತು, ಮುಂದಿನದರಲ್ಲಿ ನೆಲವನ್ನು ಹಿಡಿಯಲು ಹಾರುತ್ತದೆ. ಪಾದ ಜಾರಿದಂತೆ, ಇಡೀ ದೇಹ ಅದುರಿದಂತೆ ಕಾಣುತ್ತದೆ. ಅಲ್ಲಿ ನಡಿಗೆಯನ್ನು ಒನ್ಸ್ ಮಾಡಲೇಬೇಕು. ಬೇರೆ ದಾರಿ ಹುಡುಕಿ ಸಮಯ ಕಳೆಯಬೇಡಿ. ಕ್ಯಾಮೆರಾ ನಿಂತಿದ್ದು ಪಾತ್ರ ಮಾತ್ರ ದಾಟಿಹೋದರೆ ಟೂಸ್ ಧಾರಾಳ ಸಾಕು. ನಾನಾಗಿದ್ದರೆ ದೃಶ್ಯವನ್ನೇ ಹಾಗೆ ಬದಲಿಸಿಕೊಳ್ಳುತ್ತೇನೆ.

ಲಯಬದ್ಧ ಜರ್ಕ್: ಪರದೆ ಮತ್ತು ಎಕ್ಸ್‌ಪೋರ್ಟ್

ಹೆಚ್ಚಿನ ಫೋನ್, ಲ್ಯಾಪ್‌ಟಾಪ್ ಪರದೆಗಳು 60 ಹರ್ಟ್ಸ್. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಪರದೆಗೆ ಅರ್ಧ ಸಲ ತೋರಿಸಲು ಬರುವುದಿಲ್ಲ. ಹಾಗಾಗಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ಆ ಏರುಪೇರೇ ಪ್ಯಾನ್‌ನಲ್ಲಿ ತಟ್ಟುವುದು. ಆದರೆ ಟೂಸ್ ಮೇಲೆ ಬಿಡಿಸಿದ ಚಿತ್ರಕ್ಕೆ ಏನಾಗುತ್ತದೆ ನೋಡಿ. ಮೂರು ಕೂಡಿಸು ಎರಡು, ಐದು. ಪ್ರತಿ ಚಿತ್ರವೂ ಸರಿಯಾಗಿ ಐದು ಸಲ! ಅಂದರೆ 60 ಹರ್ಟ್ಸ್ ಪರದೆಯ ಮೇಲೆ ಟೂಸ್ ಸಮವಾಗಿ ಓಡುತ್ತದೆ, ಒನ್ಸ್ ಏರುಪೇರಾಗುತ್ತದೆ. ಪಾತ್ರ ಸರಿ ಇದೆ, ಹಿನ್ನೆಲೆ ಮಾತ್ರ ಕುಂಟುತ್ತದೆ ಅನ್ನುವವರಿಗೆ ಉತ್ತರ ಇಲ್ಲಿದೆ. 120 ಹರ್ಟ್ಸ್ ಪರದೆಯಲ್ಲಿ 24 ಸಮವಾಗಿ ಭಾಗವಾಗುತ್ತದೆ. 90ರಲ್ಲಿ ಆಗುವುದಿಲ್ಲ.

ಅನುಮಾನ ಇದ್ದರೆ ಕಣ್ಣನ್ನು ನಂಬಬೇಡಿ. ಪ್ರತಿ ಫ್ರೇಮ್‌ನ ಮೂಲೆಯಲ್ಲಿ ಫ್ರೇಮ್ ಸಂಖ್ಯೆ ಬರೆದು ಎಕ್ಸ್‌ಪೋರ್ಟ್ ಮಾಡಿ. ಇನ್ನೊಂದು ಫೋನಿನಲ್ಲಿ 240ರ ಸ್ಲೋ ಮೋಷನ್ ಇಟ್ಟು ಆ ಪರದೆಯನ್ನು ಚಿತ್ರೀಕರಿಸಿ. ಒಂದೊಂದು ಸಂಖ್ಯೆ ಎಷ್ಟು ಫ್ರೇಮ್ ಉಳಿಯುತ್ತದೆ ಎಣಿಸಿ. ಸುಮಾರು 12, 8, 12, 8 ಬಂದರೆ ಪರದೆಯ ಏರುಪೇರು, ಫೈಲ್ ಸರಿ ಇದೆ. ಒಂದು ಸಂಖ್ಯೆಯೇ ಕಾಣೆಯಾಗಿದ್ದರೆ, ಅಥವಾ ಒಂದು ಸಂಖ್ಯೆ ಉಳಿದವಕ್ಕಿಂತ ತುಂಬಾ ಹೊತ್ತು ನಿಂತಿದ್ದರೆ, ಎಕ್ಸ್‌ಪೋರ್ಟ್‌ನಲ್ಲಿ ಫ್ರೇಮ್ ಬಿಟ್ಟುಹೋಗಿದೆ ಅಥವಾ ಎರಡಾಗಿದೆ.

24ರ ಪ್ರಾಜೆಕ್ಟನ್ನು 30ಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ನಾಲ್ಕು ಫ್ರೇಮ್‌ಗೆ ಒಂದು ಎರಡಾಗುತ್ತದೆ. 25ಕ್ಕೆ ಮಾಡಿದರೆ ಸೆಕೆಂಡಿಗೊಮ್ಮೆ ಒಂದು ಎರಡಾಗುತ್ತದೆ, ಗಡಿಯಾರದಂತೆ ತಟ್ಟುತ್ತದೆ. ಮದ್ದು ಒಂದೇ. ಬಿಡಿಸಿದ ರೇಟ್‌ನಲ್ಲೇ ಹೊರಗೆ ತನ್ನಿ. ಯೂಟ್ಯೂಬ್ 24, 25, 30 ಎಲ್ಲವನ್ನೂ ಹಾಗೆಯೇ ತೆಗೆದುಕೊಳ್ಳುತ್ತದೆ.

ಜಿಫ್ ಮಾಡುವವರು ಕೇಳಿ. ಜಿಫ್ ಫೈಲ್ ಸಮಯವನ್ನು ಸೆಕೆಂಡಿನ ನೂರನೇ ಭಾಗದಲ್ಲಿ ಅಳೆಯುತ್ತದೆ. ಅದರಲ್ಲಿ ಸರಿಯಾದ 24 ಸಾಧ್ಯವೇ ಇಲ್ಲ. 4 ಇಟ್ಟರೆ 25 ಆಗುತ್ತದೆ, 5 ಇಟ್ಟರೆ 20. ಟೂಸ್ ಕೆಲಸಕ್ಕೆ ಪ್ರತಿ ಚಿತ್ರಕ್ಕೂ 8 ಇಡಿ, ಸೆಕೆಂಡಿಗೆ 12.5 ಚಿತ್ರ ಬರುತ್ತದೆ. ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ.

ದೊಡ್ಡ ಟಿವಿಯಲ್ಲಿ ಹಾಕಿದಾಗ ಮಾತ್ರ ಎಲ್ಲ ರಬ್ಬರಿನಂತೆ ಎಳೆದಾಡಿದರೆ ಟಿವಿಯ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಟಿವಿ ತಾನೇ ಇನ್‌ಬಿಟ್ವೀನ್ ಬಿಡಿಸುತ್ತಿರುತ್ತದೆ, ಕೆಟ್ಟದಾಗಿ.

ಸದ್ದು ಮತ್ತು ಚಿತ್ರ ಹೊಂದದಿದ್ದರೆ

ವಾಲಗಕ್ಕೆ ಕುಣಿಯುವ ದೃಶ್ಯದಲ್ಲಿ ಹೆಜ್ಜೆ ತಾಳಕ್ಕೆ ಬೀಳಲಿಲ್ಲ ಅಂದರೆ ನಮ್ಮ ಜನ ತಕ್ಷಣ ಹಿಡಿಯುತ್ತಾರೆ. ಚಿಕ್ಕಂದಿನಿಂದ ಮದುವೆ ಮನೆಗಳಲ್ಲಿ ಕುಣಿದ ಕಾಲು ಅದು, ಮೋಸ ಹೋಗುವುದಿಲ್ಲ. ಆದ್ದರಿಂದ ಇದನ್ನು ಸಡಿಲವಾಗಿ ಬಿಡಬೇಡಿ.

ಮೊದಲ ಪ್ರಶ್ನೆ: ತಪ್ಪು ಉದ್ದಕ್ಕೂ ಒಂದೇ ಸಮ ಇದೆಯೋ, ಹೋಗ್ತಾ ಹೋಗ್ತಾ ಬೆಳೆಯುತ್ತದೆಯೋ? ಒಂದೇ ಸಮ ಇದ್ದರೆ ಫ್ರೇಮ್ ರೇಟ್‌ನದ್ದಲ್ಲ. ಬ್ಲೂಟೂತ್ ಇಯರ್‌ಫೋನ್ ತೆಗೆದು ವೈರಿನದ್ದು ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುವುದು ಸಾಮಾನ್ಯ, ಹಲವು ಸಲ ಅದು ಐದಾರು ಫ್ರೇಮ್‌ನಷ್ಟಿರುತ್ತದೆ. ಇಯರ್‌ಫೋನ್ ನಂಬಿ ಚಿತ್ರ ಸರಿಸಿದರೆ ಕೆಲಸ ಕೆಟ್ಟಿತು.

ಬೆಳೆಯುತ್ತಾ ಹೋದರೆ ಖಂಡಿತ ರೇಟ್‌ನದ್ದು. ಒಂದು ನಿಮಿಷದ ಕೊನೆಯಲ್ಲಿ ಎಷ್ಟು ತಪ್ಪಿದೆ ಅಳೆಯಿರಿ. ಚಿತ್ರ 2.4 ಸೆಕೆಂಡ್ ಮುಂಚೆ ಮುಗಿದರೆ 24ರಲ್ಲಿ ಬಿಡಿಸಿದ್ದು 25ರಲ್ಲಿ ಓಡುತ್ತಿದೆ. 1440 ಫ್ರೇಮ್‌ಗಳು 57.6 ಸೆಕೆಂಡಿನಲ್ಲಿ ಮುಗಿದವು. ಇದಕ್ಕೆ ಸಾಮಾನ್ಯ ಕಾರಣ ಚಿತ್ರಗಳನ್ನು ವಿಡಿಯೋ ಮಾಡುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್. ಬಿಡಿ ಚಿತ್ರಗಳನ್ನು ಕೊಟ್ಟು ರೇಟ್ ಹೇಳದಿದ್ದರೆ ಅದು ತಾನಾಗಿ 25 ಅಂದುಕೊಳ್ಳುತ್ತದೆ. ಫ್ರೇಮ್‌ರೇಟ್ ಸೂಚನೆಯನ್ನು ಚಿತ್ರಗಳ ಹೆಸರಿಗಿಂತ ಮುಂಚೆ ಬರೆಯಬೇಕು. ತಪ್ಪು ತೀರಾ ಸಣ್ಣದಾಗಿ, ನಿಮಿಷಕ್ಕೆ ಒಂದೂವರೆ ಫ್ರೇಮ್‌ನಷ್ಟಿದ್ದರೆ ಎಲ್ಲೋ 24 ಮತ್ತು 23.976 ಕಲೆತಿವೆ. ಎರಡನೆಯದು ಅಮೆರಿಕದ ಟಿವಿ ಪದ್ಧತಿಯಿಂದ ಬಂದ ಸಂಖ್ಯೆ. ನಮಗೆ ಅದರ ಅಗತ್ಯವಿಲ್ಲ, ಪೂರ್ಣ 24 ಇಡಿ.

ರೇಟ್ ಸರಿಯಾದ ಮೇಲೆ ತಾಳ. 24ರಲ್ಲಿ ಒಂದು ಪೆಟ್ಟಿಗೆ ಎಷ್ಟು ಫ್ರೇಮ್ ಅಂತ ತಿಳಿಯಲು 1440ನ್ನು ನಿಮಿಷದ ಪೆಟ್ಟುಗಳಿಂದ ಭಾಗಿಸಿ. 120 ಪೆಟ್ಟಾದರೆ 12 ಫ್ರೇಮ್, 90 ಆದರೆ 16. 100 ಆದರೆ 14.4, ಇಲ್ಲಿ ಎಡವುತ್ತಾರೆ. 14 ಅಂತ ಹಿಡಿದು ಲೂಪ್ ಮಾಡಿದರೆ ಹತ್ತು ಪೆಟ್ಟಿಗೆ ನಾಲ್ಕು ಫ್ರೇಮ್ ತಪ್ಪುತ್ತದೆ. ಪ್ರತಿ ಪೆಟ್ಟನ್ನೂ ಶುರುವಿನಿಂದ ಲೆಕ್ಕ ಹಾಕಿ ಹತ್ತಿರದ ಫ್ರೇಮ್‌ಗೆ ಕೂಡಿಸಿ: 14, 29, 43, 58, 72. ಇನ್ನು ನಿಜವಾದ ವಾಲಗದ ರೆಕಾರ್ಡಿಂಗ್ ಆದರೆ ಈ ಲೆಕ್ಕವೂ ಬೇಡ. ನುಡಿಸುವವರು ಕುಣಿಯುವವರನ್ನು ನೋಡಿ ಏರಿಸುತ್ತಾರೆ, ಇಳಿಸುತ್ತಾರೆ. ಆಡಿಯೋ ಅಲೆ ನೋಡಿಕೊಂಡು ಪ್ರತಿ ಪೆಟ್ಟಿಗೂ ಗುರುತು ಹಾಕಿ. ದುಡಿ ಎಂಬ ಚಿಕ್ಕ ಚರ್ಮವಾದ್ಯ ಇದ್ದರೆ ಸುಲಭ, ಅದರ ಪೆಟ್ಟು ಅಲೆಯಲ್ಲಿ ಚೂಪಾಗಿ ಎದ್ದು ಕಾಣುತ್ತದೆ. ಪಾದ ನೆಲಕ್ಕೆ ತಾಗುವ ಚಿತ್ರವನ್ನು ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ ಇಡಿ. ಹಳೆಯ ಅನಿಮೇಟರ್‌ಗಳು ಹಾಗೆಯೇ ಮಾಡುತ್ತಿದ್ದರು, ಕಣ್ಣಿಗೆ ಅದೇ ಸರಿ ಕಾಣುತ್ತದೆ.

ಫೋನಿನ ವಿಡಿಯೋ ನೋಡಿ ಬಿಡಿಸುವವರಿಗೆ

ದುಬಾರೆಯಲ್ಲಿ ಆನೆ ನಡೆಯುವುದನ್ನು ಶೂಟ್ ಮಾಡಿ, ಅದರ ಮೇಲೆ ಬಿಡಿಸಿದರೆ ನಡಿಗೆ ಒಂದೊಂದು ಕಡೆ ತಡವರಿಸುತ್ತದೆ. ಚಿತ್ರಗಾರರ ತಪ್ಪಲ್ಲ. ಫೋನ್ 30ರಲ್ಲಿ ತೆಗೆದದ್ದನ್ನು 24ರ ಪ್ರಾಜೆಕ್ಟ್‌ಗೆ ಹಾಕಿದಾಗ ಐದರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತದೆ. ಇದರ ಮೇಲೆ, ಹೆಚ್ಚಿನ ಫೋನ್‌ಗಳ ವಿಡಿಯೋದಲ್ಲಿ ರೇಟ್ ಸ್ಥಿರವಾಗಿರುವುದಿಲ್ಲ. ಬೆಳಕು ಕಡಿಮೆಯಾದರೆ ಹಲವು ಫೋನ್‌ಗಳು ತಾವಾಗಿ ರೇಟ್ ಇಳಿಸುತ್ತವೆ. ಮಳೆಗಾಲದ ತೋಟದ ಕತ್ತಲಲ್ಲಿ ಇದು ಆಗಿಯೇ ಆಗುತ್ತದೆ. ಮ್ಯಾನ್ಯುಯಲ್ ಮೋಡ್ ಇದ್ದರೆ 24 ಅಥವಾ 25ಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಬಿಡಿಸುವ ಮೊದಲೇ ವಿಡಿಯೋವನ್ನು ಸ್ಥಿರ ರೇಟ್‌ಗೆ ಪರಿವರ್ತಿಸಿ. ಮನೆಯೊಳಗೆ ಎಲ್‌ಇಡಿ ಬಲ್ಬಿನ ಕೆಳಗೆ ಶೂಟ್ ಮಾಡುವುದಾದರೆ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ಶಟರ್‌ನಲ್ಲಿ ಪಟ್ಟೆ ಪಟ್ಟೆ ಮಿನುಗು ಬರಬಹುದು. ಇನ್ನೂ ಒಳ್ಳೆಯದು ಅಂದರೆ ಪ್ರತಿ ಫ್ರೇಮ್ ಟ್ರೇಸ್ ಮಾಡದೆ, ಪಾದ ಊರುವ, ಎತ್ತುವ, ದಾಟುವ ಭಂಗಿಗಳನ್ನು ಮಾತ್ರ ವಿಡಿಯೋದಿಂದ ತೆಗೆದುಕೊಂಡು ನಡುವಿನದ್ದನ್ನು ನೀವೇ ಬಿಡಿಸುವುದು. ಆನೆಯ ಭಾರ ಆಗಲೇ ಬರುತ್ತದೆ.

ಹಾಗಾದರೆ ಎಷ್ಟು ಇಡಬೇಕು?

ಹೊಸದಾಗಿ ಶುರು ಮಾಡುವುದಾದರೆ ಪ್ರಾಜೆಕ್ಟ್ 24, ಚಿತ್ರ ಟೂಸ್. ಬೇಕಾದಲ್ಲಿ ಒನ್ಸ್‌ಗೆ ಏರಿಸಬಹುದು, ಥ್ರೀಸ್‌ಗೆ ಇಳಿಸಬಹುದು. 12ರ ಪ್ರಾಜೆಕ್ಟ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ, ಪ್ಯಾನ್ ಕೂಡ 12ರಲ್ಲೇ ಹಾರುತ್ತದೆ. ನಮ್ಮ ದೇಶದ ಟಿವಿಗೆ ಕೊಡುವುದಾದರೆ ಮೊದಲ ದಿನವೇ 25 ಇಡಿ. ಫೋನಿನಲ್ಲಿ 30ರಲ್ಲಿ ತೆಗೆದ ವಿಡಿಯೋ ಜೊತೆ ಚಿತ್ರ ಬೆರೆಸುವುದಾದರೆ 30 ಇಟ್ಟು ಟೂಸ್ ಬಿಡಿಸಿ, ಸೆಕೆಂಡಿಗೆ 15 ಚಿತ್ರ ಆಗುತ್ತದೆ. 60 ಕೈಚಿತ್ರಕ್ಕೆ ಬೇಡ. ಒನ್ಸ್ ಬಿಡಿಸಿದರೆ ನಿಮಿಷಕ್ಕೆ 3600 ಚಿತ್ರ, ಅಷ್ಟು ದುಡಿದರೂ ಗೆರೆಯ ನಡುಕವೇ ಜಾಸ್ತಿ ಕಾಣುತ್ತದೆ.

ಅರ್ಧ ಮುಗಿದ 12ರ ಕೆಲಸವನ್ನು 24ಕ್ಕೆ ತರಬೇಕಾದರೆ ಸೆಟ್ಟಿಂಗ್‌ನಲ್ಲಿ ಸಂಖ್ಯೆ ಬದಲಿಸಿ ಸುಮ್ಮನಾಗಬೇಡಿ. ಮೊದಲು ಫೈಲ್‌ನ ಒಂದು ನಕಲು ತೆಗೆದಿಡಿ. ಆಮೇಲೆ ಎಲ್ಲ ಚಿತ್ರಗಳ ಹಿಡಿತವನ್ನು ಎರಡರಷ್ಟು ಮಾಡಿ, ಕ್ಯಾಮೆರಾ ಮತ್ತು ಪದರ ಚಲನೆಯ ಕೀಗಳನ್ನೂ (ಟೈಮ್‌ಲೈನ್‌ನಲ್ಲಿ ಚಲನೆಯ ಗುರುತುಗಳು) ಎರಡರಷ್ಟು ದೂರಕ್ಕೆ ಸರಿಸಿ, ಕೊನೆಗೆ ಸಂಖ್ಯೆಯನ್ನು 24 ಮಾಡಿ. ಒಟ್ಟು ಉದ್ದ ಸೆಕೆಂಡಿನಲ್ಲಿ ಮೊದಲಿನಷ್ಟೇ ಇದೆಯೇ ನೋಡಿ. ಸದ್ದನ್ನು ಮುಟ್ಟಬೇಡಿ, ಅದು ಇದ್ದಲ್ಲೇ ಸರಿಯಾಗಿ ಕೂರುತ್ತದೆ. 24ರದ್ದನ್ನು ಟಿವಿಗಾಗಿ 25ಕ್ಕೆ ತರುವುದಾದರೆ ಫ್ರೇಮ್‌ಗಳನ್ನು ಹಾಗೆಯೇ ಬಿಟ್ಟು ವೇಗ ಹೆಚ್ಚಲು ಬಿಡಿ. ಚಿತ್ರ ಸುಮಾರು ಶೇಕಡ 4ರಷ್ಟು ಬೇಗ ಓಡುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಆಡಿಯೋವನ್ನು ಶ್ರುತಿ ಕೆಡದಂತೆ ಅಷ್ಟೇ ಕುಗ್ಗಿಸಿ, ಮೊದಲ ಪೆಟ್ಟು ಮತ್ತು ಕೊನೆಯ ಪೆಟ್ಟು ಎರಡನ್ನೂ ವೈರಿನ ಇಯರ್‌ಫೋನ್ ಹಾಕಿ ಕೇಳಿ ನೋಡಿ.